ಮಳೆಗಾಲಕ್ಕೆ ಇಟ್ಟ ಬಿಸಿಲು

ಉಮ್ಮರ್: ಹದಿನೆಂಟು! ನೀವೇ ಕಣ್ಣು ಬಿಟ್ಟು ನೋಡಿ ಸಂಕಪ್ಪಣ್ಣ. ತಲೆ ಒಡೆಯುವ ಬಿಸಿಲು. ಎಂಟು ಪ್ಯಾನಲ್. ಆರುನೂರು ವ್ಯಾಟ್ ಬರ್ತದೆ ಅಂತ ಹಾಕಿ ಹೋದದ್ದು ನೀವು. ಬರುದು ಹದಿನೆಂಟು!

ಸಂಕಪ್ಪ: ಬೆಳಿಗ್ಗೆ ಎಷ್ಟಿತ್ತು?

ಉಮ್ಮರ್: ಎಂಟು ಗಂಟೆಗೆ ಎಪ್ಪತ್ತು. ಒಂಬತ್ತಕ್ಕೆ ಇಪ್ಪತ್ತೈದು. ಈಗ ಹನ್ನೊಂದು ಗಂಟೆ, ಹದಿನೆಂಟು. ಬಿಸಿಲು ಏರಿದ ಹಾಗೆ ಇದು ಇಳೀತದೆ. ಇಂಥ ಉಲ್ಟಾ ಪ್ಯಾನಲ್ ನಾನು ದಮಾಮಿನಲ್ಲಿಯೂ ನೋಡ್ಲಿಲ್ಲ.

ಸೈನಬ: (ಅಡುಗೆಮನೆಯಿಂದ) ದಮಾಮಿನಲ್ಲಿ ನೀವು ಪ್ಯಾನಲ್ ಎಲ್ಲಿ ನೋಡಿದ್ದು? ಇದ್ದದ್ದು ಅತ್ತರಿನ ಅಂಗಡಿಯಲ್ಲಿ.

ಕಕ್ಕಿಂಜೆಯ ಉಮ್ಮರ್ ಹತ್ತೊಂಬತ್ತು ವರ್ಷ ಸೌದಿಯ ದಮಾಮಿನಲ್ಲಿ ಅತ್ತರು ಮಾರಿ, ಎರಡು ಸಾವಿರದ ಏಳರಲ್ಲಿ ಊರಿಗೆ ಬಂದು, ಮರುವರ್ಷ ಜನವರಿಯಲ್ಲಿ ಮನೆಯ ಟೆರೇಸಿಗೆ ಸೋಲಾರ್ ಹಾಕಿಸಿದವರು. ಚಾರ್ಮಾಡಿ ರಸ್ತೆಯಲ್ಲಿ ಅಷ್ಟು ಪ್ಯಾನಲ್ ಇದ್ದ ಮನೆ ಬೇರೊಂದಿರಲಿಲ್ಲ. ಇನ್ವರ್ಟರಿನ ಮುಖದ ಮೇಲೆ ಪ್ಯಾನಲಿನಿಂದ ಎಷ್ಟು ಬರುತ್ತಿದೆ ಎಂದು ತೋರಿಸುವ ಪುಟ್ಟ ಕಿಟಕಿಯೊಂದು ಇತ್ತು. ಅದರೆದುರು ಕುರ್ಚಿ ಹಾಕಿ ಕೂತು ಅಂಕಿ ಓದುವುದೇ ಈಗ ಅವರ ಉದ್ಯೋಗ. ಸಂಕಪ್ಪ ಬೆಳ್ತಂಗಡಿಯ ಮೆಕ್ಯಾನಿಕ್. ಈ ಹದಿನೆಂಟರ ಸಲುವಾಗಿ ನಾಲ್ಕನೆಯ ಸಲ ಬಂದಿದ್ದಾನೆ. ಉಮ್ಮರರ ಹೆಂಡತಿ ಸೈನಬಳ ಚಿಂತೆ ಬೇರೆ. ಸಂಜೆಯ ಬಸ್ಸಿಗೆ ಕಲ್ಲಡ್ಕದಿಂದ ಅವಳ ಅಣ್ಣನ ಮನೆಯವರು ಹದಿನೈದು ಮಂದಿ ಬರುತ್ತಾರೆ. ನೀರುದೋಸೆಗೆ ನಾಲ್ಕು ಸೇರು ಅಕ್ಕಿ ನೆನೆದು ಕೂತಿದೆ. ಲೈನಿನ ಕರೆಂಟು ಎಂಟು ಗಂಟೆಗೇ ಹೋಗಿದೆ.

ಸಂಕಪ್ಪ: ಮೊದಲ ಸಲ ನೀವು ಕಾಗೆಯ ಮೇಲೆ ತಪ್ಪು ಹಾಕಿದ್ರಿ.

ಉಮ್ಮರ್: ಕಾಗೆ ಪ್ಯಾನಲಿನ ಮೇಲೆ ಕೂರ್ತಿತ್ತು. ಓಡಿಸಿದೆ. ದಿನಕ್ಕೆ ಎರಡು ಸಲ ಒರೆಸ್ತೇನೆ ಈಗ, ಒಳ್ಳೆ ಮಸ್ಲಿನ್ ಬಟ್ಟೆಯಲ್ಲಿ.

ಸೈನಬ: ನನ್ನ ಹೊಸ ವೇಲಿನಲ್ಲಿ.

ಸಂಕಪ್ಪ: ಎರಡನೇ ಸಲ ಆಚೆಮನೆ ರುಕ್ಮಯ್ಯಣ್ಣನ ತೆಂಗಿನ ಮರದ ನೆರಳು ಅಂತ ಹೇಳಿದ್ರಿ.

ಉಮ್ಮರ್: ಆರು ಮಡಲು ಕಡಿಸಿದೆ ಅವರತ್ರ. ಅವರು ಮಾತು ಬಿಟ್ಟಿದ್ದಾರೆ. ಬಿಡ್ಲಿ.

ಸಂಕಪ್ಪ: ಆ ನೆರಳು ಬೀಳುದು ಸಂಜೆ ಐದು ಗಂಟೆಗಲ್ವಾ?

ಉಮ್ಮರ್: ನೆರಳು ನೆರಳೇ.

ಸೈನಬ: ಮೂರನೇ ಸಲದ್ದು ನಾನು ಹೇಳ್ತೇನೆ ಸಂಕಪ್ಪಣ್ಣ. ಟೆರೇಸಿನಲ್ಲಿ ಹಲಸಿನ ಹಪ್ಪಳ ಒಣಗಲಿಕ್ಕೆ ಹಾಕಿದ್ದೆ. ಹಪ್ಪಳ ಬಿಸಿಲು ಎಳೀತದೆ, ಪ್ಯಾನಲಿಗೆ ಸಾಕಾಗುದಿಲ್ಲ ಅಂತ ಚಾಪೆ ಸಮೇತ ಕೆಳಗೆ ತಂದು ಹಾಕಿದ್ರು ಇವರು.

ಸಂಕಪ್ಪ ನಗು ತಡೆಯಲು ಚೀಲದೊಳಗೆ ತಲೆ ಹಾಕಿ ಮೀಟರು ಹುಡುಕಿದ. ವಯರು ಮುಟ್ಟಿ ನೋಡಿದ, ಬ್ಯಾಟರಿ ಮುಟ್ಟಿ ನೋಡಿದ, ಟೆರೇಸಿಗೆ ಹೋಗಿ ಬೆವರಿ ಬಂದ. ಆಮೇಲೆ ಇನ್ವರ್ಟರಿನ ಪಕ್ಕದಲ್ಲಿದ್ದ ಸಣ್ಣ ಮರದ ಪೆಟ್ಟಿಗೆಯ ಮುಂದೆ ನಿಂತ. ಪೆಟ್ಟಿಗೆಗೆ ಹಿತ್ತಾಳೆಯ ಬೀಗ.

ಸಂಕಪ್ಪ: ಇದೆಂತ ಉಮ್ಮರಾಕ? ಇಲ್ಲಿ ನಾನು ಸ್ವಿಚ್ ಬೋರ್ಡ್ ಇಟ್ಟು ಹೋಗಿದ್ದೆ.

ಉಮ್ಮರ್: ಒಳಗೆ ಉಂಟು. ಪೆಟ್ಟಿಗೆ ಮಾಡಿಸಿದೆ. ಯಾರಾದ್ರೂ ಒಟ್ರಾಶಿ, ಬೇಕಾಬಿಟ್ಟಿ ಸ್ವಿಚ್ ಹಾಕಿದ್ರೆ?

ಸೈನಬ: ಯಾರಾದ್ರೂ ಅಂದ್ರೆ ನಾನು.

ಸಂಕಪ್ಪ: ಹಾಗಾದ್ರೆ ಸೋಲಾರಿನಲ್ಲಿ ನೀವು ಎಂತೆಲ್ಲ ನಡೆಸ್ತೀರಿ?

ಉಮ್ಮರ್: ಮೊಬೈಲ್ ಚಾರ್ಜ್ ಮಾಡ್ತೇನೆ.

ಸಂಕಪ್ಪ: ಮತ್ತೆ?

ಉಮ್ಮರ್: ದಿನಾ ಅಲ್ಲ. ಶುಕ್ರವಾರ.

ಸಂಕಪ್ಪ ಚೀಲದ ಮೇಲೆಯೇ ಕೂತುಬಿಟ್ಟ. ನಾಲ್ಕು ಸಲ ಬೈಕಿನಲ್ಲಿ ಬಂದು ಹೋದ ಸಿಟ್ಟು ಅವನ ಮುಖದಲ್ಲಿ ಒಮ್ಮೆ ಹಾದುಹೋಯಿತು. ಆದರೆ ಆತ ಗಿರಾಕಿಗಳೊಡನೆ ಮಾತನಾಡಿ ಮಾತನಾಡಿ ಪಳಗಿದವನು.

ಸಂಕಪ್ಪ: ಉಮ್ಮರಾಕ, ಪ್ಯಾನಲ್ ಸರಿ ಉಂಟು. ಇನ್ವರ್ಟರ್ ಸರಿ ಉಂಟು. ನಿಮ್ಮ ಬ್ಯಾಟರಿ ಫುಲ್. ಕೊಡಪಾನ ತುಂಬಿದ ಮೇಲೆ ನಳ್ಳಿ ಬಂದ್ ಮಾಡ್ತೀರಲ್ಲ, ಹಾಗೆ ಇನ್ವರ್ಟರ್ ಪ್ಯಾನಲನ್ನು ತಡೆದು ಹಿಡಿತದೆ. ಬೇಕಾದಷ್ಟೇ ತೆಕ್ಕೊಳ್ತದೆ. ನಿಮಗೆ ಬೇಕಾದದ್ದು ಹದಿನೆಂಟು.

ಉಮ್ಮರ್: ತಡೀಲಿಕ್ಕೆ ಅದಕ್ಕೆ ಹೇಳಿದ್ದು ಯಾರು? ಟೆರೇಸು ನನ್ನದು, ಪ್ಯಾನಲ್ ನನ್ನದು.

ಸಂಕಪ್ಪ: ತಡೀದಿದ್ರೆ ಬ್ಯಾಟರಿ ಕುದಿದು ಹಾಳಾಗ್ತದೆ.

ಉಮ್ಮರ್: ಆಯ್ತು, ತಡೆದ ಕರೆಂಟನ್ನು ಎಲ್ಲಿ ಇಡ್ತದೆ?

ಸಂಕಪ್ಪ: ಎಲ್ಲಿಯೂ ಇಡುದಿಲ್ಲ. ಬರುದೇ ಇಲ್ಲ.

ಉಮ್ಮರ್: ಮತ್ತೆ ಜನವರಿಯಿಂದ ನಾನು ಸೇರಿಸಿದ್ದು?

ಸಂಕಪ್ಪ: ಎಂತದನ್ನು ಸೇರಿಸಿದ್ದು?

ಉಮ್ಮರ್: ಕರೆಂಟು! ನಾವು ಏಪ್ರಿಲಿನಲ್ಲಿ ಒಣಮೀನು ಸೇರಿಸುದಿಲ್ವಾ? ಸೌದೆ, ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಎಲ್ಲ ಮಳೆಗಾಲಕ್ಕೆ ಅಂತ ಇಡುದಿಲ್ವಾ? ಜೂನಿನಲ್ಲಿ ಒಂದು ಮರ ಬಿದ್ರೆ ಇಲ್ಲಿ ನಾಲ್ಕು ದಿನ ಲೈನಿಲ್ಲ. ಆಗ ಊರಿಗೆಲ್ಲ ಕತ್ತಲೆ, ಉಮ್ಮರನ ಮನೆಯಲ್ಲಿ ಮಾತ್ರ ಬೆಳಕು. ಅದಕ್ಕೆ ಒಂದು ಫ್ಯಾನ್ ಕೂಡ ಹಾಕದೆ ಕೂತದ್ದು ನಾನು.

ಸಂಕಪ್ಪ: ಉಮ್ಮರಾಕ, ಕರೆಂಟ್ ಒಣಮೀನಲ್ಲ. ಭರಣಿಯಲ್ಲಿ ಹಾಕಿ ಮುಚ್ಚಿಡ್ಲಿಕ್ಕೆ ಆಗುದಿಲ್ಲ. ನಿಮ್ಮ ಎರಡು ಬ್ಯಾಟರಿಯಲ್ಲಿ ಒಂದು ದಿನದ್ದು ಹಿಡೀತದೆ. ಅದು ಜನವರಿ ಎರಡನೇ ತಾರೀಕಿಗೇ ತುಂಬಿ ಆಗಿದೆ. ಅಲ್ಲಿಂದ ಈಚೆಗಿನ ಬಿಸಿಲೆಲ್ಲ ಬಂದ ದಾರಿಯಲ್ಲೇ ಹೋಯಿತು.

ಉಮ್ಮರ್: (ಎದೆ ಹಿಡಿದುಕೊಂಡು) ಮೂರು ತಿಂಗಳಿನದ್ದು? ಯಾ ಅಲ್ಲಾ!

ಸೈನಬ ನೆನೆದ ಅಕ್ಕಿಯ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಜಗಲಿಗೆ ಬಂದಳು. ಬಲಭುಜವನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು.

ಸೈನಬ: ಮೂರು ತಿಂಗಳು ನಾನು ಕಡೆಯುವ ಕಲ್ಲಿನಲ್ಲಿ ಕಡೆದೆ ಸಂಕಪ್ಪಣ್ಣ. ಲೈನು ಹೋದಾಗ ಗ್ರೈಂಡರ್ ಹಾಕ್ಲಾ ಅಂತ ಕೇಳಿದ್ರೆ, ಕರೆಂಟ್ ಮುಗೀತದೆ ಅಂತ ಬೀಗ. ಈ ಕೈ ಈಗ ತಲೆ ಬಾಚಲಿಕ್ಕೂ ಮೇಲೆ ಏರುದಿಲ್ಲ. ಇವತ್ತು ನಾಲ್ಕು ಸೇರು ಕಡೆಯಲಿಕ್ಕೆ ನನ್ನಿಂದ ಆಗುದಿಲ್ಲ. ನನ್ನ ಅಣ್ಣ ಬಂದು ಹಸಿದು ಕೂತರೆ ಕೂರ್ಲಿ.

ಉಮ್ಮರ್: ನೀನು ಸ್ವಲ್ಪ ತಡಿ. ಇಲ್ಲಿ ಮೂರು ತಿಂಗಳ ಬಿಸಿಲು ಹೋಗಿದೆ, ನಿನಗೆ ದೋಸೆ.

ಸಂಕಪ್ಪ: ಬೀಗ ತೆಗೀರಿ ಉಮ್ಮರಾಕ. ಒಮ್ಮೆ ಆ ಗ್ರೈಂಡರ್ ಹಾಕಿ ನೋಡುವ. ಇದಕ್ಕೆ ಕೆಲಸ ಕೊಟ್ಟರೆ ಇದು ಕೊಡ್ತದೆ.

ಉಮ್ಮರ್: ಐದು ನಿಮಿಷ ಮಾತ್ರ. ನಾನು ವಾಚು ನೋಡ್ತೇನೆ.

ಬೀಗ ತೆರೆಯಿತು. ಸೈನಬ ಒಂದು ಸೇರು ಅಕ್ಕಿ ಸುರಿದಳು. ಮದುವೆಗೆ ಅಣ್ಣ ಕೊಟ್ಟ ಗ್ರೈಂಡರ್ ಒಮ್ಮೆ ನರಳಿ, ಆಮೇಲೆ ಗರಗರ ಎಂದು ತಿರುಗತೊಡಗಿತು.

ಸಂಕಪ್ಪ: ಅಂಕಿ ಓದಿ ಉಮ್ಮರಾಕ.

ಉಮ್ಮರ್: ಎಂಬತ್ತು... ನೂರ ಐವತ್ತು... ಇನ್ನೂರ ಹತ್ತು! ಸೈನಬಾ, ಇನ್ನೂರ ಹತ್ತು! ಓ ಸಂಕಪ್ಪಣ್ಣ, ಇದಕ್ಕೆ ಜೀವ ಬಂತು ಮಾರಾಯ್ರೆ!

ಸಂಕಪ್ಪ: ಬ್ಯಾಟರಿಯಿಂದ ಒಂದು ಹನಿ ಹೋಗ್ಲಿಲ್ಲ. ಇದೆಲ್ಲ ನೇರ ಬಿಸಿಲಿನದ್ದು.

ಉಮ್ಮರ್: ಆ ಫ್ಯಾನ್ ಹಾಕಿ. ಒಳಗಿನದ್ದೂ ಹಾಕಿ. ಟಿ.ವಿ. ಹಾಕಿ. ಯಾರೂ ನೋಡದಿದ್ರೂ ತೊಂದರೆ ಇಲ್ಲ, ಅದು ನಡೀತಾ ಇರಲಿ. ಮುನ್ನೂರ ತೊಂಬತ್ತು! ಇನ್ನೂರು ಚಿಲ್ಲರೆ ಎಲ್ಲಿ ಹೋಯ್ತು? ಆರುನೂರು ಹೇಳಿದ್ದಲ್ವಾ ನೀವು?

ಸಂಕಪ್ಪ: ಅಷ್ಟು ಲೋಡ್ ಬೇಕಲ್ಲ. ಈ ಮನೆಯಲ್ಲಿ ಇನ್ನು ತಿರುಗುವಂಥದ್ದು ಎಂತದೂ ಇಲ್ಲ.

ಐದು ನಿಮಿಷದ ವಾಚು ಉಮ್ಮರರ ಕೈಯಲ್ಲೇ ಮರೆತುಹೋಯಿತು. ಇಷ್ಟು ದಿನ ಒಂದು ಬಲ್ಬು ಹಾಕಲೂ ಬಿಡದಿದ್ದ ಮನುಷ್ಯ ಈಗ ಸಿಕ್ಕಿದ ಕಡೆಗೆಲ್ಲ ಓಡಿ ಸ್ವಿಚ್ ಒತ್ತುತ್ತಿದ್ದರು. ಕೊನೆಗೆ ಕಂಪೌಂಡಿನ ಹತ್ತಿರ ಹೋಗಿ ನಿಂತರು.

ಉಮ್ಮರ್: ಓ ರುಕ್ಮಯ್ಯಣ್ಣ! ಸ್ವಲ್ಪ ಈಚೆ ಬನ್ನಿ!

ರುಕ್ಮಯ್ಯ: (ಹೊರಗೆ ಬಂದು, ಮರಕ್ಕೆ ಅಡ್ಡ ನಿಂತು) ಇಲ್ಲ. ಇನ್ನು ಒಂದು ಮಡಲು ಕಡಿಯುದಿಲ್ಲ ನಾನು. ಕೋರ್ಟಿಗೆ ಹೋಗುದಾದ್ರೆ ಹೋಗಿ.

ಉಮ್ಮರ್: ಮರದ ವಿಷಯ ಬಿಡಿ ಮಾರಾಯ್ರೆ. ನಿಮ್ಮಲ್ಲಿ ಅಕ್ಕಿ ನೆನೆಸಿದ್ದು ಉಂಟಾ?

ರುಕ್ಮಯ್ಯ: ಅಕ್ಕಿಯೂ ನೆರಳು ಕೊಡ್ತದಾ ಈಗ?

ಉಮ್ಮರ್: ಅಲ್ಲ, ತನ್ನಿ! ನಮ್ಮ ಗ್ರೈಂಡರಿನಲ್ಲಿ ಕಡೆದು ಕೊಡ್ತೇನೆ. ಮಿಕ್ಸಿ ಇದ್ರೆ ಅದನ್ನೂ ತನ್ನಿ. ಲೋಡ್ ಸಾಕಾಗುದಿಲ್ಲ.

ರುಕ್ಮಯ್ಯ ಸಂಕಪ್ಪನ ಮುಖ ನೋಡಿದ. ಉಮ್ಮರರಿಗೆ ಬಿಸಿಲು ತಲೆಗೆ ಹತ್ತಿತೋ ಎಂಬುದು ಅವನ ಪ್ರಶ್ನೆ. ಸಂಕಪ್ಪ ಪುನಃ ಚೀಲದೊಳಗೆ ತಲೆ ಹಾಕಿದ. ಒಳಗೆ ರುಕ್ಮಯ್ಯನ ಹೆಂಡತಿ ಕಾಂತಿ ಉದ್ದು ನೆನೆಸಿಟ್ಟು ಲೈನಿಗೆ ಕಾಯುತ್ತಿದ್ದಳು. ಆದ್ದರಿಂದ ಜಗಳ ಸಂಜೆಗೆ ಮುಂದೂಡಲ್ಪಟ್ಟು, ಉದ್ದಿನ ಪಾತ್ರೆ ಈಚೆ ಬಂತು. ಸುದ್ದಿ ತಿಳಿದು ಮೇಲಿನ ಮನೆಯ ರುಖಿಯಮ್ಮ ನೆನೆದ ಅಕ್ಕಿಯನ್ನೂ ಮಸಾಲೆಯನ್ನೂ ಮಿಕ್ಸಿಯನ್ನೂ ಹೊತ್ತುಕೊಂಡು ಬಂದರು.

ಸೈನಬ: ನನ್ನದು ಒಂದು ಸೇರು ಆಗಿದೆ. ಇನ್ನು ಮೂರು ಸೇರು ಉಂಟು. ಅದಾದ ಮೇಲೆ ಅವರದ್ದು.

ಉಮ್ಮರ್: ಛೆ, ಎಂತ ಮಾತದು? ಮನೆಗೆ ಬಂದವರದ್ದು ಮೊದಲು. ನಮ್ಮದು ನಮ್ಮ ಮನೆಯಲ್ಲೇ ಉಂಟಲ್ಲ, ಓಡಿ ಹೋಗ್ತದಾ? ಹಾಕಿ ರುಕ್ಮಯ್ಯಣ್ಣ, ಹಾಕಿ. ಐನೂರ ಹತ್ತು! ರುಖಿಯಮ್ಮ, ಆ ಮಿಕ್ಸಿ ನಿಲ್ಲಿಸಬೇಡಿ!

ರುಕ್ಮಯ್ಯ: ಉಮ್ಮರಾಕ, ಮಸಾಲೆ ನುಣ್ಣಗಾಗಿ ಹತ್ತು ನಿಮಿಷ ಆಯ್ತು.

ಉಮ್ಮರ್: ಇನ್ನೂ ನುಣ್ಣಗಾಗ್ಲಿ. ಐನೂರ ಎಂಬತ್ತು! ಸಂಕಪ್ಪಣ್ಣ, ನೀವು ಊಟ ಮಾಡಿಯೇ ಹೋಗಬೇಕು. ಏನು ಪ್ಯಾನಲ್ ಮಾರಾಯ್ರೆ, ಏನು ಪ್ಯಾನಲ್!

ಉದ್ದು ಆಯಿತು. ರುಖಿಯಮ್ಮನ ಅಕ್ಕಿ ಆಯಿತು. ಅವರ ತಂಗಿಯ ಮನೆಯ ಕಡಲೆಬೇಳೆಯೂ ಆಯಿತು. ಸೈನಬಳ ಮೂರು ಸೇರು ಅಕ್ಕಿ ಮೂಲೆಯಲ್ಲಿ ಕಾಯುತ್ತಲೇ ಇತ್ತು. ಸಂಕಪ್ಪ ಊಟಕ್ಕೆ ಕೂತಿದ್ದಾಗ, ಏಪ್ರಿಲಿನಲ್ಲಿ ಎಂದಿನಂತೆ, ಎರಡು ಗಂಟೆಗೆ ಚಾರ್ಮಾಡಿ ಘಟ್ಟದ ಕಡೆಯಿಂದ ಮೋಡ ಕವಿಯಿತು. ನೆರೆಯವರು ತಮ್ಮ ತಮ್ಮ ಪಾತ್ರೆ ಎತ್ತಿಕೊಂಡು ಹೋದರು. ರುಕ್ಮಯ್ಯ ಮಾತ್ರ, ಮುಂದೇನಾಗುತ್ತದೆಂದು ನೋಡಲು ಕಂಪೌಂಡಿನ ಬಳಿಯೇ ಉಳಿದ.

ಉಮ್ಮರ್: ನೂರ ನಲವತ್ತು... ಅರುವತ್ತು... ಇದೆಂತ ಕೆಂಪು ಲೈಟು?

ಸಂಕಪ್ಪ: ಬಿಸಿಲು ಹೋಯ್ತಲ್ಲ. ಈಗ ಬ್ಯಾಟರಿಯಿಂದ ಹೋಗ್ತಾ ಉಂಟು. ಹೆದರಬೇಡಿ, ಅದು ಇರುವುದೇ ಅದಕ್ಕೆ.

ಪಟಪಟ ಎಂದು ಎಲ್ಲ ಸ್ವಿಚ್ಚುಗಳೂ ಆರಿದವು. ಪೆಟ್ಟಿಗೆ ಮುಚ್ಚಿತು. ಬೀಗ ಬಿತ್ತು. ಕೀಲಿ ಉಮ್ಮರರ ಜೇಬು ಸೇರಿತು.

ಸೈನಬ: ಅದೆಂತ ಮಾಡಿದ್ದು? ನನ್ನ ಅಕ್ಕಿ ಈಗ ಹಾಕಿದ್ದಷ್ಟೆ!

ಉಮ್ಮರ್: ಬ್ಯಾಟರಿಯಿಂದ ಆಗುದಿಲ್ಲ. ಅದು ಮಳೆಗಾಲಕ್ಕೆ.

ಸಂಕಪ್ಪ: ಉಮ್ಮರಾಕ! ನಾನು ಬೆಳಿಗ್ಗೆಯಿಂದ ಎಂತ ಹೇಳಿದ್ದು?

ಉಮ್ಮರ್: ಬಿಸಿಲಿನದ್ದು ಖರ್ಚು ಮಾಡಿ ಅಂತ ಹೇಳಿದ್ರಿ. ಮಾಡಿದೆ. ಕೈ ಬಿಚ್ಚಿ ಮಾಡಿದೆ. ಬ್ಯಾಟರಿಯದ್ದು ಬೇರೆ ವಿಷಯ. ಒಂದೇ ದಿನದ್ದಾದ್ರೂ ಅಷ್ಟಾದ್ರೂ ಇರ್ಲಿ.

ಸೈನಬ ಗ್ರೈಂಡರಿನಿಂದ ಅಕ್ಕಿಯನ್ನು ಬಾಚಿ ತೆಗೆದಳು. ಹಿತ್ತಿಲ ಬಾಗಿಲಲ್ಲಿದ್ದ ಕಡೆಯುವ ಕಲ್ಲಿಗೆ ನೀರು ಹಾಕಿ ತೊಳೆದಳು. ಅಕ್ಕಿಯ ಪಾತ್ರೆಯನ್ನು ಪಕ್ಕದಲ್ಲಿಟ್ಟಳು. ಕಲ್ಲಿನ ಮುಂದೆ ಮಣೆ ಹಾಕಿದಳು.

ಸೈನಬ: ಬನ್ನಿ. ಕೂತುಕೊಳ್ಳಿ.

ಉಮ್ಮರ್: ಯಾರು? ನಾನಾ?

ಸೈನಬ: ನನ್ನ ಕೈ ಖಾಲಿ ಆಗಿದೆ. ನಿಮ್ಮದು ದಮಾಮಿನಿಂದ ಬಂದ ಮೇಲೆ ಒಂದು ಚಮಚ ಎತ್ತಲಿಲ್ಲ, ಫುಲ್ ಉಂಟು. ಕಲ್ಲಡ್ಕದ ಬಸ್ಸು ಐದು ಗಂಟೆಗೆ. ನೀವು ಕಡೀತೀರಾ, ಇಲ್ಲ, ನಿಮ್ಮ ಭಾವನ ಎದುರು ನಿಂತು ಹದಿನೈದು ಮಂದಿಗೆ ಆ ಅಂಕಿ ತೋರಿಸ್ತೀರಾ?

ಭಾವನ ಹೆಸರು ಕೇಳಿದ ಮೇಲೆ ಉಮ್ಮರ್ ಮಣೆಯ ಮೇಲೆ ಕೂತರು. ಗ್ರೈಂಡರ್ ಕೊಟ್ಟ ಮನುಷ್ಯನಿಗೆ ಅದು ಕರೆಂಟಿದ್ದೂ ನಿಂತಿದೆ ಎಂದು ವಿವರಿಸುವುದು ಸುಲಭವಿರಲಿಲ್ಲ. ಗುಂಡುಕಲ್ಲು ಒಂದು ಸುತ್ತು ಬಂತು. ಎರಡು ಬಂತು. ಹತ್ತನೆಯ ಸುತ್ತಿಗೆ ಅವರು ಎಡಗೈಗೆ ಬದಲಾಯಿಸಿದರು. ಇಪ್ಪತ್ತನೆಯದಕ್ಕೆ ಪುನಃ ಬಲಗೈಗೆ. ಕಂಪೌಂಡಿನ ಆಚೆ ರುಕ್ಮಯ್ಯ ಹೆಂಡತಿಯನ್ನೂ ಕರೆದು ತೋರಿಸಿದ.

ಉಮ್ಮರ್: (ಏದುಸಿರು ಬಿಡುತ್ತ) ಸಂಕಪ್ಪಣ್ಣ... ಆ ಬ್ಯಾಟರಿಯಿಂದ ಸ್ವಲ್ಪ ತೆಗೆದ್ರೆ... ಪುನಃ ತುಂಬಲಿಕ್ಕೆ ಎಷ್ಟು ದಿನ ಬೇಕು?

ಸಂಕಪ್ಪ: ನಾಳೆ ಹತ್ತು ಗಂಟೆಗೆ ತುಂಬ್ತದೆ.

ಉಮ್ಮರ್: ನಾಳೆಯೇ? ಇದನ್ನು ನೀವು ಮೊದಲೇ ಹೇಳಬಾರದಾ! ಸೈನಬಾ, ತೆಕ್ಕೊ ಕೀಲಿ. ಗ್ರೈಂಡರ್ ಹಾಕು, ಬೇಗ ಹಾಕು.

ಸೈನಬ ಕೀಲಿ ತೆಗೆದುಕೊಂಡಳು. ಪೆಟ್ಟಿಗೆ ತೆರೆದಳು. ಫ್ಯಾನಿನ ಸ್ವಿಚ್ ಒಂದನ್ನು ಮಾತ್ರ ಒತ್ತಿ, ಅದರ ಕೆಳಗೆ ಭುಜ ನೀವಿಕೊಳ್ಳುತ್ತ ಕೂತಳು.

ಉಮ್ಮರ್: ಗ್ರೈಂಡರ್! ಗ್ರೈಂಡರ್ ಹಾಕು ಅಂತ ಹೇಳಿದ್ದು!

ಸೈನಬ: ಬೇಡ. ಅದು ಸವೆದು ಹೋಗ್ತದೆ. ಗ್ರೈಂಡರನ್ನು ನಾವು ಮಳೆಗಾಲಕ್ಕೆ ಇಡುವ.