ಫುಟ್‌ಬಾಲ್ ನೋಡೋಕೆ ಜನ ಬೇಕಾಗಿದ್ದಾರೆ

ಹುಣಸೂರಿನಲ್ಲಿ ನಾನು ಮೈಕ್ ಹಿಡಿದು ಕರೆದರೆ ಜನ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ನೀರಿನ ಕಂದಾಯ, ಕಣ್ಣಿನ ಕ್ಯಾಂಪು, ಪೋಲಿಯೊ ಹನಿ, ಎಲೆಕ್ಷನ್ನು, ಸಾವು, ಎಲ್ಲಕ್ಕೂ ಆಟೋದ ನೆತ್ತಿಗೆ ಲೌಡ್‌ಸ್ಪೀಕರ್ ಕಟ್ಟಿ ಕೂಗಿದ್ದೇನೆ, ಎಲ್ಲಕ್ಕೂ ಬಂದಿದ್ದಾರೆ. ಬಾರದೇ ಇದ್ದದ್ದು ಕಾಲೇಜಿನ ಫುಟ್‌ಬಾಲಿಗೆ ಮಾತ್ರ. ಅದಕ್ಕೆ ಜನ ಕರೆಯಲು ಹೋದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ಶುರುವಾದದ್ದು ಹೀಗೆ. ಕಾಲೇಜಿನ ಪಿ.ಟಿ. ಮೇಷ್ಟ್ರು ಒಂದು ಮಧ್ಯಾಹ್ನ ನನ್ನ ಮೈಕ್ ಸೆಟ್ ಅಂಗಡಿಗೆ ಬಂದರು. ಉದ್ದಕ್ಕೆ, ತೆಳ್ಳಗೆ, ಕೊರಳಲ್ಲಿ ಸೀಟಿ. ನಗುವಾಗಲೂ ಯಾರಿಗೋ ಕ್ಷಮೆ ಕೇಳುವ ಹಾಗೆ ನಗುವ ಮನುಷ್ಯ.

"ಸಾಬ್ರೇ, ಸ್ವಲ್ಪ ಜನ ಬೇಕಿತ್ತು" ಅಂದರು.

"ಯಾವ ಪಾರ್ಟಿಗೆ ಸಾರ್?"

"ಪಾರ್ಟಿಗಲ್ಲ ಕಣ್ರೀ, ಫುಟ್‌ಬಾಲಿಗೆ."

ಕಬಡ್ಡಿ ಅಂದರೆ ಬೇಲಿ ಮುರಿದು ಬರುತ್ತಾರೆ, ಕ್ರಿಕೆಟ್ ಅಂದರೆ ಮರ ಹತ್ತಿ ಕೂರುತ್ತಾರೆ, ಫುಟ್‌ಬಾಲಿಗೆ ಮಾತ್ರ ಒಬ್ಬರೂ ಇಲ್ಲ ಅಂತ ಹೇಳಿಕೊಂಡರು. ಪ್ರಿನ್ಸಿಪಾಲರು ಆಗಲೇ ಹೇಳಿಬಿಟ್ಟಿದ್ದರಂತೆ: "ನೋಡೋರೇ ಇಲ್ಲದ ಆಟಕ್ಕೆ ಅಷ್ಟಗಲ ಮೈದಾನ ಯಾಕ್ರೀ? ಈ ವರ್ಷ ನೋಡ್ತೀನಿ. ಜನ ಬರ್ಲಿಲ್ಲ ಅಂದ್ರೆ ಅಲ್ಲಿ ಹೊಸ ಬ್ಲಾಕ್ ಕಟ್ಟಿಸ್ತೀನಿ." ಟೀಮಿನ ಹುಡುಗರು ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುವವರು. ಅವರಿಗೆ ಇನ್ನೊಂದು ಮೈದಾನ ಎಲ್ಲಿಂದ ಬರಬೇಕು? ನಾನು ಒಪ್ಪಿಕೊಂಡೆ.

ಯಾರು ಹೋದರು?

ಮೊದಲ ಮ್ಯಾಚು ಪಿರಿಯಾಪಟ್ಟಣದ ಕಾಲೇಜಿನ ಮೇಲೆ. ಬೆಳಿಗ್ಗೆಯೇ ಆಟೋದಲ್ಲಿ ಹೊರಟೆ. ನನ್ನ ದನಿಗೆ ಒಂದು ದೋಷವಿದೆ. ನಮ್ಮ ಅಬ್ಬಾ ಅಂಗಡಿ ನನ್ನ ಕೈಗೆ ಕೊಟ್ಟಾಗಿನಿಂದ ಊರಿನ ಸಾವಿನ ಸುದ್ದಿಯನ್ನೆಲ್ಲ ನಾನೇ ಕೂಗಿ, ದನಿ ಆ ಧಾಟಿಗೇ ಕಟ್ಟಿಹೋಗಿದೆ. ಮಗುವಿಗೆ ಹೆಸರಿಡುವ ಸಮಾರಂಭಕ್ಕೆ ಕರೆದರೂ ಹೆಣದ ಮುಂದೆ ನಿಂತ ಹಾಗೇ ಕೇಳುತ್ತದೆ.

"ಹುಣಸೂರಿನ ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ" ಅಂದೆ ಅಷ್ಟೆ. ಬೀದಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ಹೊಸ್ತಿಲಿಗೆ ಬಂದರು. ಟೀ ಅಂಗಡಿಯವನು ಹಾಡು ನಿಲ್ಲಿಸಿದ. ಒಬ್ಬ ಯಜಮಾನರು ಆಟೋಗೆ ಅಡ್ಡ ನಿಂತರು.

"ಯಾರ್ ಓದ್ರು ಸಾಬ್ರೇ?"

"ಯಾರೂ ಹೋಗಿಲ್ಲ ಯಜಮಾನ್ರೇ. ಫುಟ್‌ಬಾಲು."

"ಯಾವ ಬೀದಿಯೋರು?"

"ಕಾಲೇಜಿನದು."

"ಅಯ್ಯೋ ಪಾಪ. ಎಷ್ಟೊತ್ಗೆ ಎತ್ತಾರೆ?"

"ಮೂರು ಗಂಟೆಗೆ ಶುರು."

"ಮಣ್ಣು ಎಲ್ಲಿ?"

"ಕಾಲೇಜ್ ಮೈದಾನದಲ್ಲೇ" ಅಂತ ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದುಬಿಟ್ಟಿತು.

ಮಧ್ಯಾಹ್ನ ಮೈದಾನಕ್ಕೆ ಬಂದವರು ಆ ಯಜಮಾನರು ಮತ್ತು ಅವರ ತಮ್ಮ, ಇಬ್ಬರೇ. ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಚೆಂಡುಹೂವಿನ ದಪ್ಪ ಹಾರ ಹಿಡಿದು ತಲೆ ತಗ್ಗಿಸಿಕೊಂಡು ಬಂದರು. ನಮ್ಮ ಹುಡುಗರು ಅಷ್ಟರಲ್ಲಿ ನಾಲ್ಕು ಗೋಲು ತಿಂದು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಇದೇನು, ಉಡುಗ್ರು ಆಡ್ತಾವ್ರೆ? ಎಣ ಎಲ್ಲಿ?" ಅಂದರು ಯಜಮಾನರು.

ನಾನು ಮೈಕಿನ ಹಿಂದೆ ಮುಖ ಮುಚ್ಚಿಕೊಂಡೆ. ಮೇಷ್ಟ್ರು ಹೋಗಿ ವಿಷಯ ಕೇಳಿದರು. ಒಂದು ಸಲ ಮೈದಾನದ ಕಡೆ ನೋಡಿದರು. ಆಮೇಲೆ ಎರಡೂ ಕೈ ಚಾಚಿ ಹಾರ ಈಸಿಕೊಂಡರು.

"ಇಲ್ಲೇ ಕೊಡಿ. ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ."

ಪ್ರೆಸೆಂಟ್ ಮ್ಯಾಮ್

ಊರವರು ಬರುವುದಿಲ್ಲ ಅಂತ ಆದಮೇಲೆ ಮೇಷ್ಟ್ರು ಪ್ರಿನ್ಸಿಪಾಲರನ್ನು ಕಾಡಿ ಬೇಡಿದರು. ಮುಂದಿನ ಮ್ಯಾಚಿಗೆ ಎಲ್ಲ ವಿದ್ಯಾರ್ಥಿಗಳೂ ಮೈದಾನಕ್ಕೆ ಬರಲೇಬೇಕು, ಅಲ್ಲೇ ಹಾಜರಿ ತೆಗೆದುಕೊಳ್ಳುತ್ತೇವೆ ಅಂತ ಆರ್ಡರ್ ಆಯಿತು. ಹಾಜರಿ ಹಾಕುವ ಜವಾಬ್ದಾರಿ ಎಕನಾಮಿಕ್ಸ್ ಮೇಡಂದು.

ಎಲ್ಲರೂ ಬಂದರು. ಮೆಟ್ಟಿಲು ತುಂಬಿತು. ಮೇಷ್ಟ್ರ ಮುಖ ನೋಡಬೇಕಿತ್ತು, ಮದುವೆಗೆ ನೆಂಟರು ಬಂದ ಹಾಗೆ ಓಡಾಡುತ್ತಿದ್ದರು. ಅಷ್ಟು ಗದ್ದಲದಲ್ಲಿ ದನಿ ಕೇಳಿಸುವುದಿಲ್ಲ ಅಂತ ಮೇಡಂ ನನ್ನ ಮೈಕೇ ತೆಗೆದುಕೊಂಡು ನಂಬರ್ ಕೂಗತೊಡಗಿದರು. ಒಂದೊಂದು ಕ್ಲಾಸಿನ ಹಾಜರಿ ಮುಗಿದ ಹಾಗೆಲ್ಲ ಆ ಕ್ಲಾಸು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಬಸ್ ಸ್ಟ್ಯಾಂಡ್ ಕಡೆ ನಡೆಯಿತು. ಕೊನೆಯ ಕ್ಲಾಸಿನ ಹೊತ್ತಿಗೆ ಮೆಟ್ಟಿಲ ಮೇಲೆ ಕಡಲೆಕಾಯಿ ಸಿಪ್ಪೆ ಮಾತ್ರ ಉಳಿದಿತ್ತು.

ಆ ಕೊನೆಯ ಕ್ಲಾಸಿನವನು ನಮ್ಮ ಗೋಲ್‌ಕೀಪರ್. ಹೊಸ ಅಗ್ರಹಾರದ ಕಡೆಯ ಹುಡುಗ. ಮನೆಯಲ್ಲಿ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹಿಡಿದು ಬರುವಷ್ಟರಲ್ಲಿ ದಿನಾ ಮೊದಲ ಪೀರಿಯಡ್ ತಪ್ಪುತ್ತಿತ್ತು. ಹಾಜರಿ ಕಮ್ಮಿ ಇದೆ, ಪರೀಕ್ಷೆಗೆ ಕೂರಿಸಲ್ಲ ಅಂತ ಅವನಿಗೆ ಹೇಳಿಯಾಗಿತ್ತು.

ಎದುರು ಟೀಮಿನವನೊಬ್ಬ ಚೆಂಡು ತಳ್ಳಿಕೊಂಡು ಒಬ್ಬನೇ ಬರುತ್ತಿದ್ದ. ಸರಿಯಾಗಿ ಆಗ ಮೈಕಿನಲ್ಲಿ ಇವನ ನಂಬರ್ ಬಂತು. ಹುಡುಗ ಗರಕ್ಕನೆ ಮೆಟ್ಟಿಲ ಕಡೆ ತಿರುಗಿ, ಗ್ಲೌಸ್ ಹಾಕಿದ ಎರಡೂ ಕೈ ಎತ್ತಿ "ಪ್ರೆಸೆಂಟ್ ಮ್ಯಾಮ್!" ಅಂತ ಕೂಗಿದ. ಚೆಂಡು ಅವಸರವೇನೂ ಇಲ್ಲದೆ ಅವನ ಪಕ್ಕದಲ್ಲೇ ಉರುಳಿಕೊಂಡು ಒಳಗೆ ಹೋಯಿತು.

"ಮೇಡಂ, ಗೋಲು ಹೋಯ್ತು" ಅಂದರು ಮೇಷ್ಟ್ರು, ಅಳುವುದೊಂದು ಬಾಕಿ.

ಮೇಡಂ ತಲೆ ಎತ್ತದೆ ಟಿಕ್ ಹಾಕಿದರು. "ಹೋಗ್ಲಿ ಬಿಡಿ ಸಾರ್. ಹುಡುಗ ಪಾಸಾದ."

ಪುಕ್ಕಟೆ ಟೆಂಪೋ

ಕೋಟೆಯಲ್ಲಿ ಮ್ಯಾಚು. ಪರ ಊರಿನಲ್ಲಿ ನಮ್ಮ ಕಡೆ ಕೂಗುವವರು ಇರಬೇಕು ಅಂತ ಮೇಷ್ಟ್ರು ಒಂದು ಟೆಂಪೋ ಗೊತ್ತುಮಾಡಿದರು. "ಹುಣಸೂರಿನಿಂದ ಎಚ್.ಡಿ. ಕೋಟೆಗೆ ಉಚಿತ ವಾಹನ" ಅಂತ ನಾನು ಒಂದು ಸುತ್ತು ಕೂಗಿ ಬಂದೆ. ಹುಡುಗರು ಮುಂಚೆಯೇ ಬಸ್ಸಿಗೆ ಹೋದರು. ಟೆಂಪೋ ಬಂದು ನಿಲ್ಲುವುದೇ ತಡ, ಕಾಲಿಡಲು ಜಾಗವಿಲ್ಲ. ಬ್ಯಾಗು, ಚೀಲ, ಕೋಳಿ ಬುಟ್ಟಿ. ಒಬ್ಬ ಹೆಂಗಸಂತೂ ಮೇಕೆಯನ್ನೇ ಹತ್ತಿಸಿದರು.

"ಇಷ್ಟು ಜನಕ್ಕೆ ಫುಟ್‌ಬಾಲ್ ಹುಚ್ಚು ಐತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಸಾಬ್ರೇ" ಅಂದರು ಮೇಷ್ಟ್ರು. ನನಗೆ ಕೋಳಿ ಬುಟ್ಟಿ ನೋಡಿದಾಗಲೇ ಅನುಮಾನ ಬಂದಿತ್ತು. ಅವರು ಟೆಂಪೋದಲ್ಲೇ ನಿಂತು ಎಲ್ಲರಿಗೂ ಹೇಗೆ ಕೂಗಬೇಕು ಅಂತ ಹೇಳಿಕೊಟ್ಟರು. ಪಾಪ, ಜನ ಮುಲಾಜಿಗೆ ಕೂಗಿದರು.

ಮೊದಲ ಊರು ಬಂತು. "ಒಸಿ ನಿಲ್ಸಿ ಸಾ, ನಮ್ಮತ್ತೆ ಮನೆ ಇಲ್ಲೇಯ. ಮೊಕ ತೋರ್ಸಿ ಬತ್ತೀನಿ" ಅಂತ ಒಬ್ಬ ಇಳಿದ. ಮುಂದಿನ ಊರಲ್ಲಿ ಒಂದು ಕುಟುಂಬವೇ ಹೆಣ್ಣು ನೋಡಲು ಇಳಿಯಿತು. ಕೋಳಿ ಬುಟ್ಟಿ ಒಂದು ಕಡೆ ಇಳಿಯಿತು, ಚೀಲಗಳು ಇನ್ನೊಂದು ಕಡೆ. ಪ್ರತಿಯೊಬ್ಬರೂ ಇಳಿಯುವಾಗ "ನೀವ್ ನಡೀರಿ, ನಿಮ್ ಇಂದಿಂದೇ ಬತ್ತೀವಿ" ಅಂತ ಧೈರ್ಯ ಹೇಳಿದರು. ಮೇಕೆಯ ಹೆಂಗಸು ಕೋಟೆ ಇನ್ನೇನು ಬಂತು ಅನ್ನುವಾಗ ಇಳಿದು, "ಇದ ವಸಿ ನೋಡ್ಕೊಳಿ ಅಣ್ಣ, ಆಸ್ಪತ್ರೇಲಿ ನಮ್ಮಕ್ಕ ಅವ್ಳೆ" ಅಂತ ಹಗ್ಗವನ್ನು ಮೇಷ್ಟ್ರ ಕೈಗೆ ಕೊಟ್ಟರು.

ಮೈದಾನಕ್ಕೆ ತಲುಪಿದ್ದು ಮೇಷ್ಟ್ರು, ನಾನು, ಡ್ರೈವರು ಮತ್ತು ಮೇಕೆ. ಹುಡುಗರು ಟೆಂಪೋದ ಒಳಗೆ ಇಣುಕಿ ನೋಡಿ, ಹೋಗಿ ಬೂಟಿನ ದಾರ ಕಟ್ಟಿಕೊಂಡರು. ಆಟದ ಉದ್ದಕ್ಕೂ ನಮ್ಮ ಕಡೆಯಿಂದ ಕೂಗಿದ್ದು ಮೇಕೆ ಮಾತ್ರ.

ಸೋತು ವಾಪಸ್ ಹೊರಟರೆ, ಬಿಟ್ಟ ಜಾಗದಲ್ಲೆಲ್ಲ ಜನ ರಸ್ತೆ ಪಕ್ಕ ಕಾಯುತ್ತ ನಿಂತಿದ್ದರು. ಹತ್ತಿದರು. ಅತ್ತೆ ಮನೆಗೆ ಹೋದವನು ಎಲೆ ಅಡಿಕೆ ಮೆಲ್ಲುತ್ತ ಕೇಳಿದ.

"ಗೆದ್ವಾ ಸಾ?"

"ಸೋತ್ವಿ" ಅಂದರು ಮೇಷ್ಟ್ರು.

ಅವನು ಬೇಜಾರಿನಿಂದ ತಲೆಯಾಡಿಸಿದ. "ಜನ ಸಪೋಟು ಇಲ್ದೆ ಎಂಗ್ ಗೆಲ್ತಾರೆ ಏಳಿ?"

ಶಾಲು

ಒಬ್ಬ ತಾತ ಮಾತ್ರ ಒಂದು ಮ್ಯಾಚನ್ನೂ ತಪ್ಪಿಸುತ್ತಿರಲಿಲ್ಲ. ಗೋಲಿನ ಹಿಂದಿನ ಹೊಂಗೆ ಮರದ ಕೆಳಗೆ ಕೋಲು ಊರಿಕೊಂಡು ಕೂತಿರುತ್ತಿತ್ತು. ಎಷ್ಟು ಗೋಲಲ್ಲಿ ಸೋತರೂ ಮೇಷ್ಟ್ರು ಆ ಮರದ ಕಡೆ ನೋಡಿ, "ಒಬ್ರಾದ್ರೂ ಇದ್ದಾರಲ್ಲ ಸಾಬ್ರೇ" ಅನ್ನುವರು. ತಾತನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರೆ ನಾಲ್ಕು ಜನಕ್ಕೆ ತಿಳಿಯುತ್ತದೆ ಅಂತ ಅವರಿಗೆ ಹೊಳೆಯಿತು. ಪ್ರಿನ್ಸಿಪಾಲರನ್ನೂ ಕರೆದುಕೊಂಡು ಬಂದರು. ಸನ್ಮಾನ ಅಂದಮೇಲೆ ಲೆಕ್ಚರರುಗಳೂ ಬಂದರು.

ಶಾಲು ಹೊದಿಸಿದ್ದಾಯಿತು. ನಾನು ಮೈಕು ತಾತನ ಬಾಯಿಗೆ ಹಿಡಿದು, "ಎರಡು ಮಾತಾಡಿ ತಾತ. ಈ ಆಟ ಅಂದ್ರೆ ನಿಮಗೆ ಯಾಕಿಷ್ಟು ಪ್ರೀತಿ?" ಅಂದೆ.

"ಆಟ ಎಲ್ಲಪ್ಪ ಕಾಣ್ತದೆ ನಂಗೆ? ಎಲ್ಡು ಕಣ್ಣೂ ಒಂಟೋಗವೆ" ಅಂದಿತು ತಾತ. "ಮನೇಲಿ ಟೀವಿ ಗಲಾಟೆ, ಬೀದೀಲಿ ಗಾಡಿ ಗಲಾಟೆ. ಊರ್ಗೆಲ್ಲ ಒಂದು ನರಪಿಳ್ಳೇನೂ ಬರ್ದೆ ಇರೋ ಜಾಗ ಅಂದ್ರೆ ಇದೊಂದೇ ಕಣಪ್ಪ. ಅದ್ಕೇ ಬಂದ್ ಕೂತ್ಕತೀನಿ. ಇವತ್ಯಾಕೋ ಭಾಳ ಗದ್ದಲ. ನಾ ಒಂಡ್ತೀನಿ."

ಮೇಷ್ಟ್ರು ಕೈ ಹಿಡಿದು ರಸ್ತೆ ದಾಟಿಸಿ ಬಂದರು. ಪ್ರಿನ್ಸಿಪಾಲರು ಅಲ್ಲೇ ಇದ್ದರು.

"ಮೇಷ್ಟ್ರೇ, ಇರೋ ಒಬ್ರನ್ನೂ ಓಡಿಸಿಬಿಟ್ರಲ್ಲ."

ಬೇಕೇ ಬೇಕು

ಅದಾದ ಮೇಲೆ ಆಸೆ ಇರಲಿಲ್ಲ. ಬ್ಲಾಕ್ ಕಟ್ಟುವುದು ನಿಶ್ಚಯವಾಯಿತು. ಕೊನೆಯ ಮ್ಯಾಚಿನ ದಿನ ನಾವು ಹೋಗುವಷ್ಟರಲ್ಲಿ ಕಂಟ್ರಾಕ್ಟರ್ ಕಡೆಯವರು ಪಾಯಕ್ಕೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ನಮ್ಮ ಗೆರೆಯೂ ಬಿಳಿ, ಅವರ ಗೆರೆಯೂ ಬಿಳಿ. ಪೆನಾಲ್ಟಿ ಬಾಕ್ಸ್ ಯಾವುದು, ಹೊಸ ಬ್ಲಾಕಿನ ಕಕ್ಕಸು ಯಾವುದು ಅಂತ ಮೈಸೂರಿನಿಂದ ಬಂದ ರೆಫರಿಗೆ ಮೇಷ್ಟ್ರೇ ನಡೆದು ತೋರಿಸಬೇಕಾಯಿತು. ನೋಡಲು ಯಾರೂ ಇಲ್ಲ. ಹೊಂಗೆ ಮರದ ಕೆಳಗೂ ಯಾರೂ ಇಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗೇಟಿನ ಕಡೆ ಗದ್ದಲ. ತಿರುಗಿದರೆ ಜನ. ಬರುತ್ತಲೇ ಇದ್ದಾರೆ. ಹೊಗೆಸೊಪ್ಪಿನ ಬೆಲೆ ಬಿದ್ದಿತ್ತು. ಸುತ್ತಲಿನ ತಾಲ್ಲೂಕಿನ ಬೆಳೆಗಾರರೆಲ್ಲ ಮೆರವಣಿಗೆ ಬಂದಿದ್ದರು. ಪೊಲೀಸರು ಹೈವೇ ಬಿಡಿಸಿ, "ತಹಶೀಲ್ದಾರ್ ಸಾಹೇಬ್ರು ಇಲ್ಲಿಗೇ ಬಂದು ಮನವಿ ತಗೋತಾರೆ, ಕೂತಿರಿ" ಅಂತ ನಮ್ಮ ಮೈದಾನಕ್ಕೆ ತುಂಬಿಸಿದ್ದರು. ಅವರ ಮೈಕನ್ನು ಪೊಲೀಸರು ಕಿತ್ತುಕೊಂಡಿದ್ದರು.

ಮೈದಾನದ ಸುತ್ತ ಜನ ಕೂತರು. ಬಿಸಿಲಿಗೆ ಟವೆಲ್ ತಲೆಗೆ ಹಾಕಿಕೊಂಡು, ಮುಖ ಸಪ್ಪೆ ಮಾಡಿಕೊಂಡು ಹುಡುಗರನ್ನು ನೋಡುತ್ತ ಕೂತರು. ಹುಡುಗರು ಆಡುವುದನ್ನೇ ಬಿಟ್ಟು ಅವರನ್ನು ನೋಡುತ್ತ ನಿಂತರು.

ಮೇಷ್ಟ್ರು ನನ್ನ ಹತ್ತಿರ ಬಂದು, "ಮೈಕ್ ಕೊಡಿ ಸಾಬ್ರೇ" ಅಂದರು. ಅವರು ಯಾವತ್ತೂ ಮೈಕ್ ಮುಟ್ಟಿದವರಲ್ಲ. ಒಬ್ಬೊಬ್ಬ ಹುಡುಗನ ಹೆಸರು ಹೇಳಿ, ಅವನ ಊರು ಹೇಳಿದರು. "ಗೋಲ್‌ಕೀಪರ್, ಹೊಸ ಅಗ್ರಹಾರ" ಅಂದಾಗ ಬಲಗಡೆ ಒಂದು ಗುಂಪು ಎದ್ದು ನಿಂತಿತು. "ಲೇ, ನಮ್ಮೂರ್ ಉಡ್ಗ ಕಣ್ಲಾ! ಡೈರಿ ತಾವ ಬತ್ತಾನಲ್ಲ!" "ವೀರನಹೊಸಹಳ್ಳಿ" ಅಂದಾಗ ಇನ್ನೊಂದು ಮೂಲೆಯಿಂದ ಸಿಳ್ಳೆ ಬಂತು. ಕೊನೆಯ ಹೆಸರು ಮುಗಿಯುವ ಹೊತ್ತಿಗೆ ಯಾರಿಗೂ ಹೊಗೆಸೊಪ್ಪು ನೆನಪಿರಲಿಲ್ಲ.

ಅವರಿಗೆ ಗೊತ್ತಿದ್ದದ್ದು ಚಳವಳಿಯ ಘೋಷಣೆ. ಅದನ್ನೇ ಹಾಕಿದರು. "ಬೇಕೇ ಬೇಕು! ಗೋಲು ಬೇಕು!" ರೆಫರಿ ಒಂದು ಫೌಲ್ ಕೊಟ್ಟದ್ದಕ್ಕೆ "ಧಿಕ್ಕಾರ ಧಿಕ್ಕಾರ!" ಹುಡುಗರು ಓಡಿದ ಓಟವನ್ನು ನಾನು ಹಿಂದೆ ಯಾವತ್ತೂ ನೋಡಿರಲಿಲ್ಲ.

ಆಟ ಮುಗಿಯುತ್ತ ಬಂದಿತ್ತು, ಒಂದು ಗೋಲಿನಿಂದ ಹಿಂದಿದ್ದೆವು, ಆಗ ಸಾಹೇಬರ ಜೀಪು ಬಂತು. ಮನವಿ ತೆಗೆದುಕೊಂಡು, ನನ್ನ ಮೈಕ್ ಹಿಡಿದು, ಮೈದಾನಕ್ಕೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತರು. ಜನ ಅವರ ಭುಜದ ಮೇಲಿಂದ ಆಟ ನೋಡುತ್ತಿದ್ದರು.

"ನಿಮ್ಮ ಬೇಡಿಕೆಗಳನ್ನ ಸರ್ಕಾರದ ಗಮನಕ್ಕೆ ತರ್ತೀನಿ" ಅಂದರು ಸಾಹೇಬರು.

ಅದೇ ಗಳಿಗೆಯಲ್ಲಿ ಅವರ ಬೆನ್ನ ಹಿಂದೆ ನಮ್ಮ ಹುಡುಗ ಚೆಂಡನ್ನು ಬಲೆಗೆ ಹೊಡೆದ.

ಮೈದಾನ ಎದ್ದು ನಿಂತಿತು. ಟವೆಲ್‌ಗಳು ಆಕಾಶಕ್ಕೆ ಹಾರಿದವು. ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಾಹೇಬರು ಗರ ಬಡಿದವರ ಹಾಗೆ ನಿಂತರು. ಇಷ್ಟು ವರ್ಷದ ಸರ್ವೀಸಿನಲ್ಲಿ ಆ ಮಾತನ್ನು ಎಷ್ಟು ಸಲ ಆಡಿದ್ದರೋ, ಒಮ್ಮೆಯೂ ಯಾರೂ ಹೀಗೆ ಕುಣಿದಿರಲಿಲ್ಲ. ಕಣ್ಣು ತುಂಬಿ ಬಂತು. "ನಿಮ್ಮ ಪ್ರೀತಿ ನಾನು ಮರೆಯೋದಿಲ್ಲ" ಅಂತ ಕೈಮುಗಿದು, ಕರ್ಚೀಫು ಒತ್ತಿಕೊಂಡು ಜೀಪು ಹತ್ತಿ ಹೋದರು.

ಗದ್ದಲ ಇಳಿದ ಮೇಲೆ ನಮಗೆ ಸೀಟಿ ಕೇಳಿಸಿತು. ರೆಫರಿ ಆಗಿನಿಂದ ಊದುತ್ತಲೇ ಇದ್ದರಂತೆ. ಆಫ್‌ಸೈಡ್. ಗೋಲು ಇಲ್ಲ. ನಾವು ಸೋತೆವು.

ಜನ ನಿಧಾನಕ್ಕೆ ಎದ್ದು, ಟವೆಲ್ ಹುಡುಕಿಕೊಂಡು, ತಮ್ಮ ತಮ್ಮ ಊರಿನ ಹುಡುಗರ ಬೆನ್ನು ತಟ್ಟಿ ಹೊರಟರು. ನಾನು ವೈರು ಸುತ್ತುತ್ತಿದ್ದೆ. ಮೇಷ್ಟ್ರು ಸುಣ್ಣದ ಗೆರೆಗಳ ಮಧ್ಯೆ ನಿಂತು, ಜೀಪು ಹೋದ ದಾರಿಯನ್ನೇ ನೋಡುತ್ತಿದ್ದರು.

"ಈ ರೈತರ ಮನವಿಗಿಂತ ನಮ್ಮ ಹುಡುಗರ ಗೋಲೇ ವಾಸಿ ಸಾಬ್ರೇ" ಅಂದರು. "ಕ್ಯಾನ್ಸಲ್ ಅಂತ ಮುಖಕ್ಕೇ ಹೇಳಿದ್ರು."