ಜರಡಿ ಸಾಹೇಬರ ಐದು ಟ್ರೇಗಳು

ಆಫೀಸಿಗೆ ಹೊರಡುವ ಆತುರದಲ್ಲಿ ಜರಡಿ ಸಾಹೇಬರು ಬಲಗಾಲನ್ನು ಬೂಟಿನೊಳಗೆ ತೂರಿಸಿದರು. ತೂರಿಸಿದ ಕಾಲು ಅಲ್ಲೇ ನಿಂತಿತು. ಬೂಟು ಒದ್ದೆಯಾಗಿತ್ತು, ಬೆಚ್ಚಗೂ ಇತ್ತು. ವಾಸನೆಯ ಮಾತು ಎತ್ತದಿರುವುದೇ ಮೇಲು.

"ಪುಟ್ಟೀ!"

ಎಂಟು ವರ್ಷದ ಮಗಳು ಓಡಿಬಂದಳು. ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ ಬೆಕ್ಕಿನ ಮರಿ ಬಟಾಣಿ ಅವಳ ಕೈಯಲ್ಲಿ ಕೂತು, ಊರಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಮೂತಿ ಒರೆಸಿಕೊಳ್ಳುತ್ತಿತ್ತು.

ಅವಳ ಹಿಂದೆಯೇ ಕೆಳಗಿನ ಮನೆಯಿಂದ ಓನರಮ್ಮ ಮೆಟ್ಟಿಲು ಹತ್ತಿ ಬಂದರು. ಸಾಹೇಬರ ಕೂಗು ಅವರಿಗೆ ಆಹ್ವಾನಪತ್ರದಂತೆ ಕೇಳಿಸಿತ್ತು. ಬೂಟನ್ನು ನೋಡಿದರು, ಮೂಗು ಮುಚ್ಚಿಕೊಂಡರು.

"ಸಾಹೇಬ್ರೇ, ಇವತ್ತು ನಿಮ್ಮ ಬೂಟು, ನಾಳೆ ನನ್ನ ಮನೆ ನೆಲ. ಸಂಜೆ ಆರು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಮರಿ ಒಂದು ಜಾಗ ಅಂತ ನೋಡ್ಕೊಂಡು ಅಲ್ಲೇ ಮಾಡಿದ್ರೆ ಸರಿ. ಇಲ್ಲಾಂದ್ರೆ ಮರಿ ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಬೇಕು."

ಪುಟ್ಟಿಯ ಕೆಳದುಟಿ ನಡುಗಿತು. ಸಾಹೇಬರು ಅವಳ ತಲೆ ಸವರಿದರು. "ಅಳಬೇಡ ಕಂದ. ಅದಕ್ಕೆ ಬೇಕಾದ್ದು ಒಂದು ಟ್ರೇ, ಒಂದಿಷ್ಟು ಮರಳು. ಮರಳು ಅಂದ್ರೆ ಯಾರು? ನಿಮ್ಮಪ್ಪ!"

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಕಟ್ಟಡ ಸಾಮಗ್ರಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅವರು ಮರಳನ್ನೇ ನೋಡುತ್ತ ಬಂದವರು. ದಿನಕ್ಕೆ ನಲವತ್ತು ಡಬ್ಬಿ ಬರುತ್ತಿತ್ತು. ಡಬ್ಬಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಜರಡಿ, ತಕ್ಕಡಿ, ಗಾಜಿನ ಜಾಡಿ ಎಲ್ಲ ಮೇಜಿನ ಮೇಲಿದ್ದವು. ಆದರೆ ಇತ್ತೀಚಿನ ವರ್ಷಗಳಲ್ಲಿ ಅವರು ಚಿಟಿಕೆ ಮರಳನ್ನು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, "ಹೂಂ" ಅಂದು ಸಹಿ ಹಾಕುತ್ತಿದ್ದರು. ಮಿಕ್ಕ ವಿಷಯದಲ್ಲೆಲ್ಲ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಮನುಷ್ಯ. ಬೋಳುತಲೆಯ ಬಗ್ಗೆ ಜೋಕು ಹೇಳುತ್ತಿದ್ದರು, ಹೊಟ್ಟೆಯ ಬಗ್ಗೆಯೂ ಹೇಳುತ್ತಿದ್ದರು. ಮರಳಿನ ಮಾತು ಬಂದರೆ ಮಾತ್ರ ನಗು ಮರೆತುಹೋಗುತ್ತಿತ್ತು. ಬೀದಿಯವರು ಜರಡಿ ಸಾಹೇಬರು ಎಂದು ಕರೆಯುವುದನ್ನು ಅವರು ಬಿರುದು ಎಂದೇ ನಂಬಿದ್ದರು.

ಅವರು ಆಫೀಸಿಗೆ ಫೋನು ಮಾಡಿದರು. "ಸಾರ್, ಇವತ್ತು ರಜೆ ಬೇಕಿತ್ತು. ಮನೆಯಲ್ಲಿ ಚಿಕ್ಕದಕ್ಕೆ ಹೊಟ್ಟೆ ಸರಿಯಿಲ್ಲ."

"ಅಯ್ಯೋ, ಎಷ್ಟು ದಿನದಿಂದ?" ಎಂದರು ಅಧಿಕಾರಿ.

"ನಿನ್ನೆ ಸಂಜೆಯಿಂದ ಸಾರ್. ಎಲ್ಲಿ ಅಂದ್ರೆ ಅಲ್ಲಿ ಹೋಗ್ತಿದೆ."

"ಪಾಪ, ಮೊದಲು ಡಾಕ್ಟರಿಗೆ ತೋರಿಸ್ರಿ" ಎಂದು ಅಧಿಕಾರಿ ಫೋನಿಟ್ಟರು. ದೊಡ್ಡ ಸುಳ್ಳು ಹೇಳದೆ ರಜೆ ಪಡೆದ ಸಮಾಧಾನ ಸಾಹೇಬರಿಗೆ.

ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು. "ರೀ, ಇಷ್ಟಕ್ಕೆ ರಜೆ ಬೇರೆನಾ? ಕೆಳಗೆ ಗೇಟಿನ ಹತ್ರ ಮರಳಿನ ಗುಡ್ಡೆ ಬಿದ್ದಿದೆಯಲ್ಲ, ಒಂದು ಬಕೆಟ್ ತಂದು ಸುರೀರಿ."

ಗುಡ್ಡೆ ಇದ್ದದ್ದು ನಿಜ. ಪುಟ್ಟಿಗೆ ಓದಲು ಒಂದು ಕೋಣೆ ಬೇಕೆಂದು ಸಾಹೇಬರು ಆರು ತಿಂಗಳು ಗೋಗರೆದ ಮೇಲೆ ಓನರಮ್ಮ ತಾರಸಿಯ ಮೇಲೆ ಕೋಣೆ ಕಟ್ಟಿಸಲು ಒಪ್ಪಿದ್ದರು. ಮರುದಿನ ಗೋಡೆ ಶುರುವಾಗಬೇಕಿತ್ತು. ಸಾಹೇಬರು ಕೆಳಗಿಳಿದು ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡರು. ಇಟ್ಟಿಗೆ ಎಣಿಸುತ್ತಿದ್ದ ಮೇಸ್ತ್ರಿ ಹಲ್ಲು ಕಿರಿದ.

"ಎಷ್ಟು ಬೇಕಾದ್ರೂ ತಗೊಳ್ಳಿ ಸಾರ್. ನಂಬರ್ ಒನ್ ಮಾಲು. ನಿಮಗೆ ನಾನು ಹೇಳ್ಬೇಕಾ?"

ಬೇರೆ ದಿನವಾಗಿದ್ದರೆ ಬೆರಳಲ್ಲಿ ಉಜ್ಜಿ ಮುಗಿಸುತ್ತಿದ್ದರು. ಆದರೆ ಇದು ಮಗಳ ಬೆಕ್ಕು. ಮನೆಗೆ ಬಂದವರೇ ಗಾಜಿನ ಜಾಡಿಗೆ ಮರಳು ಹಾಕಿ, ನೀರು ಸುರಿದು, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಟ್ಟರು.

"ಏನಪ್ಪಾ ಇದು?" ಎಂದಳು ಪುಟ್ಟಿ.

"ಮರಳು ಕೆಳಗೆ ಕೂರತ್ತೆ, ಅದರ ಮೇಲೆ ಮಣ್ಣು ಬೇರೆ ಪದರವಾಗಿ ಕೂರತ್ತೆ. ಎಷ್ಟು ಕಲಬೆರಕೆ ಅಂತ ಗೊತ್ತಾಗತ್ತೆ."

"ಆಫೀಸಲ್ಲೂ ದಿನಾ ಹೀಗೇ ಮಾಡ್ತೀಯಾ?"

"ಹೂಂ... ಮತ್ತೆ?" ಎಂದು ಸಾಹೇಬರು ಕಿಟಕಿಯಾಚೆ ನೋಡಿದರು.

ಎರಡು ಗಂಟೆಯ ಮೇಲೆ ನೋಡಿದರೆ ಜಾಡಿಯೊಳಗೆ ಮರಳಿನ ನೆತ್ತಿಯ ಮೇಲೆ ಎರಡು ಬೆರಳು ದಪ್ಪ ಕೆಸರು. "ಥೂ! ಇದನ್ನ ಮುಟ್ಟಿದ್ರೆ ಬಟಾಣಿಯ ಪಂಜವೆಲ್ಲ ರಾಡಿ. ಫೇಲ್!" ಎಂದು ಅವರು ತೀರ್ಪು ಕೊಟ್ಟರು. ಹಳೇ ಮಾದರಿಗಳೆಂದು ಮನೆಯಲ್ಲಿಟ್ಟುಕೊಂಡಿದ್ದ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ, ದಪ್ಪ ಮರಳು ಬೇರೆ, ಸಣ್ಣ ಮರಳು ಬೇರೆ ಜರಡಿ ಹಿಡಿದರು. ತೊಳೆದರು. ತೇವ ಹೋಗಬೇಕಲ್ಲ, ಹೆಂಡತಿಯ ಹೊಸ ಬಾಣಲೆಯಲ್ಲಿ ಸುರಿದು ಹುರಿಯತೊಡಗಿದರು.

ಹೆಂಡತಿ ಬಂದು ನೋಡಿದರು. ಬಾಣಲೆಯನ್ನೂ ಗಂಡನನ್ನೂ ಸರದಿಯಂತೆ ನೋಡಿದರು. "ಉಪ್ಪು ಖಾರ ಹಾಕಿದ್ರಾ?" ಎಂದಷ್ಟೇ ಕೇಳಿ, ಹಳೇ ಪೇಪರನ್ನು ಚೂರು ಚೂರು ಹರಿದು ತಮ್ಮದೇ ಒಂದು ಟ್ರೇ ತಯಾರಿಸಿಟ್ಟರು.

ದಪ್ಪ ಮರಳಿನದೊಂದು, ಸಣ್ಣ ಮರಳಿನದೊಂದು, ಪೇಪರಿನದೊಂದು, ಅಲ್ಲಿಗೆ ಮೂರು ಟ್ರೇ ಆಯಿತು. ನಾಲ್ಕನೆಯದಕ್ಕೆ ಸಾಹೇಬರು ಸಾಕುಪ್ರಾಣಿಗಳ ಅಂಗಡಿಗೆ ಹೋದರು. ಅಂಗಡಿಯವನು ನಗುತ್ತಿರುವ ಬೆಕ್ಕಿನ ಚಿತ್ರವಿದ್ದ ಪೊಟ್ಟಣ ತೆಗೆದಿಟ್ಟ.

"ಕಾಳಿನ ಗಾತ್ರ ಎಷ್ಟು? ಎಲ್ಲ ಒಂದೇ ಸಮ ಇದೆಯಾ? ನೀರು ಎಷ್ಟು ಹೀರತ್ತೆ?"

"ಸಾರ್," ಎಂದ ಅಂಗಡಿಯವನು ಮೆಲ್ಲಗೆ, "ಇದನ್ನ ಬೆಕ್ಕು ತಾನೇ ಬಳಸೋದು?"

ಅದರಲ್ಲಿ ಹೂವಿನ ಪರಿಮಳವಿತ್ತು. ಬಟಾಣಿ ಒಮ್ಮೆ ಮೂಸಿ ಏಳು ಸಲ ಸೀನಿತು.

ಐದನೆಯ ಟ್ರೇ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರದ್ದು. ನಿವೃತ್ತರಾಗಿ ಹತ್ತು ವರ್ಷವಾದರೂ ಸೀಟಿಯನ್ನು ಕೊರಳಿನಿಂದ ತೆಗೆಯದ ಮನುಷ್ಯ. ಬಡಗಿಯ ಅಂಗಡಿಯಿಂದ ಒಂದು ಚೀಲ ಮರದ ಹೊಟ್ಟು ಹೊತ್ತು ತಂದು, "ಮರಳಲ್ಲಿ ಏನೂ ಇಲ್ಲ ಸಾಹೇಬ್ರೇ. ಬೇಕಾಗಿರೋದು ಶಿಸ್ತು! ಸೀಟಿ ಊದಿದ ತಕ್ಷಣ ಕೂರ್ಬೇಕು, ಅಷ್ಟೇ" ಎಂದರು. ಮರಿಯನ್ನು ಹೊಟ್ಟಿನ ಮೇಲೆ ನಿಲ್ಲಿಸಿ, ಎದೆ ಉಬ್ಬಿಸಿ, ಫುರ್ರೆಂದು ಊದಿದರು. ಬಟಾಣಿ ಬಾಣದಂತೆ ಹಾರಿ ಪರದೆ ಹತ್ತಿತು. ಪರದೆ ಕಂಬಿಯ ಸಮೇತ ಮೇಷ್ಟ್ರ ತಲೆಯ ಮೇಲೆ ಬಿತ್ತು. ಶಿಸ್ತಿನ ಪಾಠ ಅಲ್ಲಿಗೆ ಮುಗಿಯಿತು.

ಸಂಜೆ ಐದಾಯಿತು. ಪಡಸಾಲೆಯಲ್ಲಿ ಐದು ಟ್ರೇಗಳು ಸಾಲಾಗಿ, ಒಂದೊಂದರ ಮೇಲೂ ಸಾಹೇಬರ ದುಂಡಗಿನ ಅಕ್ಷರದ ಚೀಟಿ ಹೊತ್ತು ಕೂತಿದ್ದವು. ಬಟಾಣಿ ಒಂದೊಂದನ್ನೂ ಮೂಸಿ, ಮದುವೆಗೆ ಹೆಣ್ಣು ಒಪ್ಪದ ಗಂಡಿನ ಕಡೆಯವರಂತೆ ಮುಖ ತಿರುಗಿಸಿ ಹೋಯಿತು. ಬೆಳಿಗ್ಗೆ ಬೂಟಿನಲ್ಲಿ ಮಾಡಿದ್ದೇ ಕೊನೆ. ಸಾಹೇಬರು ನೆಲದ ಮೇಲೆ ಬೋರಲು ಮಲಗಿ ಹುರಿದ ಮರಳನ್ನು ಬೆರಳಿಂದ ಕೆದಕಿ ತೋರಿಸಿದರು. "ಹೀಗೆ ನೋಡು, ಹೀಗೆ. ದಮ್ಮಯ್ಯ ಅಂತೀನಿ." ಇಪ್ಪತ್ತೆರಡು ವರ್ಷದ ಸರ್ವಿಸು ಒಂದು ಬೆಕ್ಕಿನ ಮರಿಯ ಮುಂದೆ ಅಡ್ಡಬಿದ್ದಿದೆ ಎನ್ನಿಸಿ ಅವರಿಗೇ ನಗು ಬಂತು. ಪುಟ್ಟಿ ನಗಲಿಲ್ಲ. ಮೂಲೆಯಲ್ಲಿ ಕೂತು ಬಟಾಣಿಯ ಬಟ್ಟಲನ್ನು ಒಂದು ಚೀಲಕ್ಕೆ ಹಾಕುತ್ತಿದ್ದಳು. ಅದನ್ನು ಕಂಡು ಅವರು ಎದ್ದು ಕೂತರು.

ಆರಕ್ಕೆ ಸರಿಯಾಗಿ ಓನರಮ್ಮ ಬಂದರು. ಐದು ಟ್ರೇಗಳನ್ನೂ ದಿಟ್ಟಿಸಿದರು. "ಪ್ರದರ್ಶನ ಚೆನ್ನಾಗಿದೆ. ಮರಿ ಎಲ್ಲಿ?"

ಮರಿ ಇರಲಿಲ್ಲ. ಸೋಫಾದ ಅಡಿ, ಬಾಗಿಲ ಹಿಂದೆ, ಬೂಟಿನೊಳಗೆ, ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಪುಟ್ಟಿ ಕಿಟಕಿಯಿಂದ ಕಿರುಚಿದಳು. "ಅಮ್ಮಾ! ಬಟಾಣಿ ಮಾಡ್ತಿದೆ! ಕೆಳಗೆ!"

ಎಲ್ಲರೂ ದಡದಡ ಇಳಿದರು. ಗೇಟಿನ ಪಕ್ಕದ ಗುಡ್ಡೆಯ ನೆತ್ತಿಯ ಮೇಲೆ ಬಟಾಣಿ ಅರೆಗಣ್ಣು ಮುಚ್ಚಿ ಗಂಭೀರವಾಗಿ ಕೂತಿತ್ತು. ಮುಗಿದ ಮೇಲೆ ತಿರುಗಿ, ಪಂಜದಿಂದ ಮರಳೆಳೆದು ನೀಟಾಗಿ ಮುಚ್ಚಿ, ಒಮ್ಮೆ ಮೂಸಿ, ಇನ್ನೊಂದಿಷ್ಟು ಮುಚ್ಚಿತು.

ಓನರಮ್ಮನ ಮುಖ ಅರಳಿತು. "ನೋಡ್ರೀ, ಎಷ್ಟು ಜಾಣ ಮರಿ! ಮುಚ್ಚಿ ಬೇರೆ ಹಾಕ್ತು. ಅದಕ್ಕೆ ಈ ಮರಳೇ ಇಷ್ಟ ಅಂದ್ರೆ ಒಂದು ಬಕೆಟ್ ತಗೊಂಡು ಟ್ರೇಗೆ ಹಾಕಿ. ಮರಿ ಇರ್ಲಿ ಬಿಡಿ."

ಪುಟ್ಟಿ ಕುಣಿದಳು. ಹೆಂಡತಿ ಉಸಿರುಬಿಟ್ಟರು. ಆ ಗಳಿಗೆಯಲ್ಲಿ ಜರಡಿ ಸಾಹೇಬರು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ದಿನವಿಡೀ ಸೋತ ಮನುಷ್ಯ. ಕೊನೆಗೆ ಗೆದ್ದದ್ದು ಫೇಲಾದ ಮರಳು ಎಂದರೆ ಹೇಗೆ ಸಹಿಸುವುದು?

"ಬೇಡ ಅಮ್ಮಾವ್ರೇ! ಆ ಮರಳು ಮಾತ್ರ ಬೇಡ. ಬೆಳಿಗ್ಗೆ ನಾನೇ ಟೆಸ್ಟ್ ಮಾಡಿದೀನಿ. ಅರ್ಧಕ್ಕರ್ಧ ಮಣ್ಣು. ಶುದ್ಧ ಕಳಪೆ. ಬೆಕ್ಕಿನ ಟ್ರೇಗೂ ಲಾಯಕ್ಕಿಲ್ಲ!" ಎಂದವರೇ ಮೇಲೆ ಓಡಿ ಜಾಡಿಯನ್ನು ತಂದು, ಬೆಳಕಿಗೆ ಹಿಡಿದು ತೋರಿಸಿದರು.

ಮೇಸ್ತ್ರಿ ಕೆಮ್ಮಿದ. ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದರು, ತಡವಾಗಿತ್ತು.

"ಬೆಕ್ಕಿನ ಟ್ರೇಗೂ ಲಾಯಕ್ಕಿಲ್ಲ," ಎಂದರು ಓನರಮ್ಮ ನಿಧಾನವಾಗಿ. "ನನ್ನ ಗೋಡೆಗೆ ಆಗತ್ತಾ?"

ಅವರು ಒಳಗೆ ಹೋಗಿ ಒಂದು ಕಾಗದ ತಂದು ಸಾಹೇಬರ ಕೈಗಿಟ್ಟರು. ಪ್ರಯೋಗಾಲಯದ ಮೊಹರು. ಹೋದ ವಾರದ ತಾರೀಖು. ಇದೇ ಗುಡ್ಡೆಯಿಂದ ಕಳಿಸಿದ್ದ ಮಾದರಿಯ ನಂಬರು. ಅದರ ಮುಂದೆ ಪರಿಚಿತವಾದ ದುಂಡಗಿನ ಅಕ್ಷರದಲ್ಲಿ "ಅತ್ಯುತ್ತಮ" ಎಂದಿತ್ತು. ಕೆಳಗಿನ ಸಹಿಯನ್ನು ಗುರುತಿಸಲು ಸಾಹೇಬರಿಗೆ ಜಾಡಿ ಬೇಕಾಗಲಿಲ್ಲ.

"ನಾನು ಹೇಳ್ಬೇಕಾ ಅಂತ ಬೆಳಿಗ್ಗೆನೇ ಅಂದೆ ಸಾರ್," ಎಂದು ಮೇಸ್ತ್ರಿ ಗೊಣಗಿದ.

ಸಾಹೇಬರು ಇಂಗು ತಿಂದ ಮಂಗನಂತೆ ನಿಂತರು. ಕೋಣೆ ಮುಗಿದ ಮೇಲೆ ಆ ಗೋಡೆಯ ಕೆಳಗೆ ಪುಟ್ಟಿ ಪುಸ್ತಕ ಹರಡಿಕೊಂಡು ಕೂರಬೇಕಾಗಿತ್ತು ಎಂಬುದು ಅವರಿಗೆ ನೆನಪಾಯಿತು. ಬೆಕ್ಕಿಗೆ ಮಾಡಿದ ಪರೀಕ್ಷೆಯನ್ನು ಮಗಳಿಗೆ ಮಾಡಿರಲಿಲ್ಲ.

"ಅಮ್ಮಾವ್ರೇ, ತಪ್ಪಾಯ್ತು."

"ಈ ಗುಡ್ಡೆ ಪೂರ್ತಿ ನೀವೇ ಜರಡಿ ಹಿಡೀಬೇಕು, ತೊಳೀಬೇಕು, ಜಾಡಿ ತೋರಿಸ್ಬೇಕು. ಮರಿ ಇರ್ಲಿ ಅಂತ ಆಗ್ಲೇ ಹೇಳಿದೀನಿ, ಮಾತು ತಪ್ಪಲ್ಲ. ನೀವು ಇರ್ಬೇಕೋ ಬೇಡ್ವೋ, ಅದನ್ನ ಜಾಡಿ ನೋಡಿ ಹೇಳ್ತೀನಿ."

ಮರುದಿನವೂ ಸಾಹೇಬರು ರಜೆ ಹಾಕಿದರು. "ಚಿಕ್ಕದು ಹೇಗಿದೆ?" ಎಂದು ಅಧಿಕಾರಿ ಕೇಳಿದಾಗ "ಅದು ಆರಾಮ ಸಾರ್, ಈಗ ನಂದೇ ಸರಿಯಿಲ್ಲ" ಎಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಜರಡಿ ಆಡಿಸಿ ಆಡಿಸಿ ರಟ್ಟೆ ಬಿದ್ದುಹೋಯಿತು. ಬೀದಿಯಲ್ಲಿ ಹೋಗುವವರೆಲ್ಲ ನಿಂತು "ಏನ್ ಜರಡಿ ಸಾಹೇಬ್ರೇ" ಎಂದು ಮಾತಾಡಿಸಿದರು. ಅದು ಬಿರುದಲ್ಲ ಎಂಬುದು ಅವರಿಗೆ ಮೊದಲ ಸಲ ಹೊಳೆಯಿತು.

ಮೂರು ಗಂಟೆಗೆ ಅವರ ಮೊಳಕಾಲೆತ್ತರಕ್ಕೆ ಶುದ್ಧವಾದ, ಒಂದೇ ಸಮನಾದ, ಬಂಗಾರದ ಬಣ್ಣದ ಮರಳು ರಾಶಿಯಾಗಿತ್ತು. ಜಾಡಿಯಲ್ಲಿ ಕೆಸರಿನ ಸುಳಿವಿಲ್ಲ. ಓನರಮ್ಮನನ್ನು ಕರೆಯಲು ಸಾಹೇಬರು ಗೇಟಿನ ಕಡೆ ತಿರುಗಿದರು.

"ಅಪ್ಪಾ!" ಪುಟ್ಟಿಯ ದನಿ ಖುಷಿಯಿಂದ ಚೀರಿತು. "ಬಟಾಣಿ ನಿನ್ನ ಮರಳು ಪಾಸ್ ಮಾಡ್ತು!"

ತಿರುಗಿ ನೋಡಿದರು. ಹೊಸ ರಾಶಿಯ ನೆತ್ತಿಯ ಮೇಲೆ ಬಟಾಣಿ ಅರೆಗಣ್ಣು ಮುಚ್ಚಿ ಗಂಭೀರವಾಗಿ ಕೂತಿತ್ತು. ಅದರ ಹಿಂದೆ, ತಮ್ಮ ಸರದಿಗಾಗಿ, ಬೀದಿಯ ಇನ್ನೂ ಮೂರು ಬೆಕ್ಕುಗಳು ಕಾಯುತ್ತಿದ್ದವು.

ಮೇಸ್ತ್ರಿ ಜರಡಿಯನ್ನು ಎತ್ತಿ ಸಾಹೇಬರ ಕೈಗೆ ಕೊಟ್ಟ.