ಸಕ್ಕರೆ ಕಾಯಿಲೆಯ ಜೊತೆ ಚೌಕಾಸಿ

ಇಪ್ಪತ್ತೆಂಟು ವರ್ಷದಿಂದ ಕೊರಟಗೆರೆಯಲ್ಲಿ ಹುಣಸೆಹಣ್ಣು ಕೊಂಡು ಮಾರುತ್ತಿದ್ದೇನೆ. ಮೊದಲು ಹೇಳಿದ ದರಕ್ಕೇ ಒಪ್ಪಿದವನು ಉದ್ಧಾರವಾಗಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಡಾಕ್ಟರಮ್ಮ ನನಗೆ ಸಕ್ಕರೆ ಕಾಯಿಲೆಯಿದೆ, ದಿನಕ್ಕೆ ಎರಡು ಮಾತ್ರೆ, ಊಟಕ್ಕೆ ಅರ್ಧ ಮುದ್ದೆ, ಸಿಹಿ ಪೂರ್ತಿ ಬಂದ್ ಎಂದಾಗ ಗಾಬರಿಯಾಗಲಿಲ್ಲ. ಅದು ಆಕೆಯ ದರ. ಮನೆಗೆ ಬಂದು ನನ್ನೊಡನೆ ನಾನೇ ಮಾತುಕತೆ ನಡೆಸಿ, ಒಂದು ಮಾತ್ರೆ, ಒಂದೂವರೆ ಮುದ್ದೆಗೆ ವ್ಯವಹಾರ ಕುದುರಿಸಿದೆ. ಗೊರವನಹಳ್ಳಿ ದೇವಸ್ಥಾನದ ಪ್ರಸಾದ ಸಿಹಿಯ ಲೆಕ್ಕಕ್ಕೆ ಬರುವುದಿಲ್ಲವೆಂದೂ ತೀರ್ಮಾನವಾಯಿತು.

ತಪಾಸಣೆಗೆ ಮೂರು ದಿನ ಮುಂಚೆ ಮಾತ್ರ ನಾನು ಋಷಿ. ಎರಡು ಮಾತ್ರೆ, ಹಾಗಲಕಾಯಿ, ಹುರುಳಿಕಾಳು, ಬೆಳಗಿನ ನಡಿಗೆ. ರಕ್ತ ಕೊಟ್ಟರೆ ಶುಗರ್ ಹದದಲ್ಲಿ! ಡಾಕ್ಟರಮ್ಮ ಮೆಚ್ಚಿಕೊಂಡರು. ಈ ವಿದ್ಯೆಯನ್ನು ಟೀ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಪುಕ್ಕಟೆ ಹಂಚಿದೆ.

ಹೀಗೇ ಒಂದು ವರ್ಷ ಕಳೆಯಿತು. ಒಂದು ಸಂಜೆ ಪುರವರದಲ್ಲಿ ಹಣ್ಣು ನೋಡಿ ಬಂದು, ಚಪ್ಪಲಿ ಬಿಟ್ಟು ಒಳಗೆ ಕೂತೆ. ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತಳು.

"ಏನ್ರೀ, ಬಾಗ್ಲಿಂದ ಇಲ್ಲೀಗಂಟ ರಕ್ತದ ಹೆಜ್ಜೆ ಬಿದ್ದೈತಲ್ಲ, ಯಾರ್ದು?"

"ನಂದಲ್ಲ ಬುಡು. ನಂಗೇನೂ ನೋವಿಲ್ಲ."

"ಮನೇಲಿರೋದು ಇಬ್ರೇ. ನಂದೂ ಅಲ್ಲ."

ಚಪ್ಪಲಿ ತಿರುಗಿಸಿ ನೋಡಿದಳು. ಮೊಳೆಯೊಂದು ಅಟ್ಟೆ ತೂರಿ ಬಂದು, ದಿನವಿಡೀ ನನ್ನ ಹೆಬ್ಬೆರಳನ್ನು ಚುಚ್ಚಿತ್ತು. ನನಗೆ ತಿಳಿದೇ ಇರಲಿಲ್ಲ.

ಮರುದಿನ ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಸ್ಪರ್ಶವೇ ಇಲ್ಲವಲ್ಲ. ರಿಪೋರ್ಟೆಲ್ಲ ಚೆನ್ನಾಗಿತ್ತು. ಇನ್ನೊಂದು ಟೆಸ್ಟ್ ಮಾಡೋಣ."

"ಮೂರು ದಿನ ಟೈಮ್ ಕೊಡಿ ಮೇಡಂ, ಬಂದ್ಬುಡ್ತೀನಿ."

"ಬೇಡ, ಈಗಲೇ ಮಾಡೋಣ. ಮೂರು ದಿನದ ಪಥ್ಯ ಇದರಲ್ಲಿ ನಡೆಯಲ್ಲ. ಹಿಂದಿನ ಮೂರು ತಿಂಗಳದ್ದು ಹೇಳುತ್ತೆ."

ಮೂಟೆಯ ಮೇಲೆ ಒಳ್ಳೆ ಹಣ್ಣು, ತಳದಲ್ಲಿ ಹುಳುಕು ತುಂಬಿ ತಂದವರನ್ನು ಮೊಣಕೈವರೆಗೆ ಕೈ ತೂರಿಸಿ ಹಿಡಿಯುವವನು ನಾನು. ಈಗ ನಾನೇ ಮೂಟೆ.

ಫಲಿತಾಂಶ ನೋಡಿದ ಡಾಕ್ಟರಮ್ಮ ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ದಿನಾ ಬಂದು ಕಟ್ಟು ಹಾಕಿಸಿಕೊಳ್ಳಿ, ಮಾತ್ರೆ, ಪಥ್ಯ ತಪ್ಪಬಾರದು, ಎರಡು ವಾರದಲ್ಲಿ ಗಾಯ ಮಾಯುವ ಲಕ್ಷಣ ಕಾಣದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು.

"ಉಗುರಷ್ಟೇ ತೆಗೆದ್ರೆ ಆಗಲ್ವಾ ಮೇಡಂ?" ಬಾಯಿ ತಾನಾಗಿ ಕೇಳಿಬಿಟ್ಟಿತು. ಅವರು ಗಾಯಕ್ಕೆ ಕಟ್ಟು ಹಾಕತೊಡಗಿದರು.

ಇವತ್ತಿಗೆ ಒಂಬತ್ತು ದಿನ. ಗಾಯ ಹಾಗೇ ಇದೆ. ಟೀ ಅಂಗಡಿಯ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಸಲಹೆ ಪಾಲಿಸುತ್ತಿರುವವರು ಅಲ್ಲಿದ್ದಾರೆ. ಮಧ್ಯಾಹ್ನ ಗಿರಿಜಾ ಅರ್ಧ ಮುದ್ದೆಯ ಪಕ್ಕ ಆ ಹೊತ್ತಿನ ಒಂದು ಮಾತ್ರೆ ಇಟ್ಟಳು.

"ಲೇ, ಇನ್ನೊಂದೆರಡು ಕೊಡು. ಬಿಟ್ಟಿದ್ದನ್ನೆಲ್ಲ ಒಟ್ಗೆ ನುಂಗ್ಬುಡ್ತೀನಿ."

"ಹೇಳಿರೋದು ಎಷ್ಟೋ ಅಷ್ಟೇ." ಡಬ್ಬಿ ಮುಚ್ಚಿದಳು. "ಇಲ್ಲೂ ಚೌಕಾಸಿ ಮಾಡ್ಬ್ಯಾಡಿ."

ಕಾಲು ಚಾಚಿ ಐದೂ ಬೆರಳು ಎಣಿಸಿಕೊಂಡೆ. ಆಮೇಲೆ, ಜೀವನದಲ್ಲಿ ಮೊದಲ ಸಲ, ಹೇಳಿದ ದರಕ್ಕೇ ಒಪ್ಪಿ ನುಂಗಿದೆ.